ಮೊಟ್ಟೆ ಪಟ್ಟಿಯಲ್ಲಿದ್ದ ಹೆಸರು

ದೀಕ್ಷಿತಾಳ ಕಾಲಿನ ಹೆಬ್ಬೆರಳಿನ ಉಗುರನ್ನು ಸಿದ್ದಾಪುರದ ಆಸ್ಪತ್ರೆಯಲ್ಲಿ ಕಿತ್ತ ದಿನ ಮಮತಾ ಅಳಲಿಲ್ಲ. ಮಗಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಡಾಕ್ಟರ ಕೈಯನ್ನೇ ನೋಡುತ್ತ ನಿಂತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಬ್ಯಾಂಡೇಜಿನ ಕಾಲು ಅವಳ ತೊಡೆಯ ಮೇಲಿತ್ತು. ಕೋಲಸಿರ್ಸಿ ದಾಟುವಷ್ಟರಲ್ಲಿ ಅವಳು ನಿರ್ಧರಿಸಿಯಾಗಿತ್ತು: ಮನೋಹರ ಹೆಗಡೆಯನ್ನು ಆ ಕುರ್ಚಿಯಿಂದ ಇಳಿಸದೆ ಬಿಡುವುದಿಲ್ಲ.

ಕುರ್ಚಿ ಎಂದರೆ ಹೊಂಡದಗದ್ದೆಯ ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷಗಿರಿ. ಸರ್ಕಾರ ಮಕ್ಕಳಿಗೆ ಕೊಡುವ ಬೂಟುಗಳನ್ನು ಕೊಂಡು ತಂದದ್ದು ಆ ಸಮಿತಿ. ಯಾರ ಪಾದವನ್ನೂ ಅಳೆಯದೆ ಎರಡೇ ಅಳತೆಯಲ್ಲಿ ತಂದಿದ್ದರು. ಪಾಲಕರ ಸಭೆಯಲ್ಲಿ ಮಮತಾ ಎದ್ದು ನಿಂತು, ಮಗಳಿಗೆ ಬೂಟು ಬಿಗಿಯಾಗುತ್ತಿದೆ, ಬದಲಿಸಿ ಕೊಡಿ ಎಂದು ಕೇಳಿದ್ದಳು.

"ಬಿಟ್ಟಿ ಬೂಟಿಗೆ ಅಳತೆ ಬೇರೆ ಬೇಕಾ?" ಎಂದಿದ್ದರು ಮನೋಹರ ಹೆಗಡೆ. "ಬೆರಳು ಮಡಚಿಕೊಂಡು ಹಾಕ್ಲಿ."

ಸಭೆ ನಕ್ಕಿತು. ಬೂಟಿಲ್ಲದೆ ಪ್ರಾರ್ಥನೆಗೆ ನಿಲ್ಲುವಂತಿಲ್ಲ ಎಂದೂ ಅವರೇ ಸೇರಿಸಿದರು. ಆರನೇ ತರಗತಿಯ ದೀಕ್ಷಿತಾ ಬೆರಳು ಮಡಚಿಕೊಂಡೇ ಒಂದು ತಿಂಗಳು ನಡೆದಳು. ಕೀವು ತುಂಬಿ ಜ್ವರ ಬರುವ ತನಕ ಅಮ್ಮನಿಗೆ ಹೇಳಲಿಲ್ಲ, ಸಭೆಯಲ್ಲಿ ಅಮ್ಮ ಮತ್ತೆ ನಗೆಪಾಟಲಾಗಬಾರದೆಂದು.

ಅವರನ್ನು ಇಳಿಸುವುದು ಕಷ್ಟವೇನಿರಲಿಲ್ಲ. ಆ ಶಾಲೆಯಲ್ಲಿ ಕಲಿಯುವ ಮಕ್ಕಳ ಪಾಲಕರು ಮಾತ್ರ ಅಧ್ಯಕ್ಷರಾಗಬಹುದು. ಹೆಗಡೆಯವರ ಮಗಳು ಸಮೃದ್ಧಿ ಹಾಜರಿ ಪುಸ್ತಕದಲ್ಲಿ ಹೊಂಡದಗದ್ದೆ ಶಾಲೆಯ ನಾಲ್ಕನೇ ತರಗತಿಯವಳು. ನಿಜದಲ್ಲಿ ಬೆಳಿಗ್ಗೆ ಎಂಟಕ್ಕೆ ವ್ಯಾನು ಹತ್ತಿ ಪೇಟೆಯ ಖಾಸಗಿ ಶಾಲೆಗೆ ಹೋಗುವವಳು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಮಮತಾಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಒಂದು ಅರ್ಜಿ ಬರೆದರೆ ಸಾಕಿತ್ತು.

ಅಷ್ಟರಲ್ಲಿ ಡಿಸೆಂಬರಿನಲ್ಲಿ ಆದೇಶ ಬಂತು. ಕನಿಷ್ಠ ಮೂವತ್ತು ಮಕ್ಕಳಿರುವ ಶಾಲೆಗೆ ಒಂದು ಹೊಸ ಕೋಣೆ, ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ, ಅದಕ್ಕೊಬ್ಬ ಶಿಕ್ಷಕರು. ಫೆಬ್ರವರಿಯಲ್ಲಿ ಇಲಾಖೆಯವರು ಬಂದು ತಲೆ ಎಣಿಸುತ್ತಾರೆ. ಮುಖ್ಯೋಪಾಧ್ಯಾಯಿನಿ ಗೀತಾ ಅಕ್ಕೋರು ಅಡುಗೆಮನೆಗೇ ಬಂದು ಮಮತಾಳ ಕೈ ಹಿಡಿದರು.

"ಮಮತಾ, ಸಮೃದ್ಧಿ ಸೇರಿ ಸರೀ ಮೂವತ್ತು. ನಿನ್ನ ಹೊಟ್ಟೆಸಂಕಟ ನಂಗೆ ಗೊತ್ತು. ಈಗ ಬಾಯಿ ಬಿಡಬ್ಯಾಡ. ಕೋಣೆ ಹೋದ್ರೆ ಮುಂದಿನ ವರ್ಷ ಶಾಲೆನೂ ಉಳಿಯೂದಿಲ್ಲ."

ಸೋರುವ ಕೋಣೆಯಲ್ಲಿ ಮೂರು ತರಗತಿಗಳು ಒಟ್ಟಿಗೆ ಕೂರುತ್ತಿದ್ದವು. ಬೆನ್ನಿಗೆ ಬೆನ್ನು ಕೊಟ್ಟು ಬರೆಯುತ್ತಿದ್ದ ಆ ಮಕ್ಕಳಲ್ಲಿ ದೀಕ್ಷಿತಾಳೂ ಒಬ್ಬಳು. ಸೇಡಿಗಾಗಿ ಅವರ ಕೋಣೆಯನ್ನು ಕಿತ್ತುಕೊಳ್ಳಲು ಮಮತಾಗೆ ಮನಸ್ಸು ಬರಲಿಲ್ಲ. ಸೇಡನ್ನು ಬಿಡಲೂ ಬರಲಿಲ್ಲ. ಅಕ್ಕಿ ಆರಿಸುತ್ತ ಎರಡು ದಿನ ಯೋಚಿಸಿದಳು. ಬೇಕಾದದ್ದು ಒಂದು ಮಗು. ಒಂದೇ ಒಂದು.

ರಸ್ತೆ ಕೆಲಸಕ್ಕೆ ಹಾವೇರಿ ಕಡೆಯಿಂದ ಬಂದ ಸೋಮನ ಕುಟುಂಬ ಹಳ್ಳದ ಪಕ್ಕ ತಗಡಿನ ಶೆಡ್ಡಿನಲ್ಲಿತ್ತು. ಅವನ ಮಗಳು ದುರ್ಗಿಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಅವಳು ಸೊಂಟದ ಮೇಲೆ ತಂಗಿಯನ್ನು ಕೂರಿಸಿಕೊಂಡು ರಸ್ತೆ ನೋಡುತ್ತ ನಿಲ್ಲುತ್ತಿದ್ದಳು. ಮಮತಾ ಒಂದು ಭಾನುವಾರ ಹೋದಳು. ಮತ್ತೊಂದು ಭಾನುವಾರವೂ ಹೋದಳು.

"ಸಾಲಿಗೆ ಕಳಿಸಿದ್ರ ಈ ಸಣ್ಣದನ್ನ ಯಾರು ಹಿಡಿಬೇಕ್ರಿ ಅಕ್ಕಾರ?" ಎಂದ ಸೋಮ. "ನೀವು ಬಂದು ಹಿಡೀತೀರೇನು?"

"ಹಿಡಿತೆ. ನಾಳೆ ಕರ್ಕೊಂಡು ಬಾ."

ಸೋಮ ತಮಾಷೆಗೆ ಕೇಳಿದ್ದ. ಮಮತಾ ಅಡುಗೆಕೋಣೆಯ ಪಕ್ಕದ ಜಗಲಿಯಲ್ಲಿ ಹಳೇ ಸೀರೆಯ ಜೋಲಿ ಕಟ್ಟಿದಳು. ಸಾರು ಕುದಿಯುವಾಗ ಒಂದು ಕೈಯಲ್ಲಿ ಜೋಲಿ ತೂಗಿದಳು. ದುರ್ಗಿಯ ತಲೆಯ ಹೇನು ತೆಗೆದಳು, ಎರಡು ಜಡೆ ಹಾಕಿದಳು. ಊರವರು ಪುಣ್ಯಾತ್ಗಿತ್ತಿ ಎಂದರು. ಮಮತಾ ಒಳಗೇ ನಕ್ಕಳು. ಇದು ಪುಣ್ಯಕ್ಕೆ ಮಾಡಿದ್ದಲ್ಲವೆಂದು ಅವಳೊಬ್ಬಳಿಗೇ ಗೊತ್ತಿತ್ತು. ಅಕ್ಕೋರು ದುರ್ಗಿಯ ಹೆಸರನ್ನು ಪುಸ್ತಕಕ್ಕೆ ಏರಿಸಿದರು. ಮೂವತ್ತೊಂದಾಯಿತು. ಒಂದು ತೆಗೆದರೂ ಮೂವತ್ತು.

ಉಳಿದದ್ದು ಆ ಒಂದನ್ನು ತೆಗೆಯುವುದು. ಮಮತಾ ಅರ್ಜಿ ಬರೆಯಲಿಲ್ಲ. ಅಡುಗೆಕೋಣೆಯ ಗೋಡೆಯ ಮೇಲೆ ಎರಡು ವರ್ಷದಿಂದ ಒಂದು ಪಟ್ಟಿ ಇತ್ತು: ಊಟದ ಜೊತೆ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು. ಪಟ್ಟಿ ಮಾಡಿದ ಮಾಸ್ತರು ಮೊದಲು ಎಲ್ಲ ಹೆಸರುಗಳನ್ನೂ ಮೊಟ್ಟೆಯ ಕೆಳಗೆ ಬರೆದಿದ್ದರು. ಮೊಟ್ಟೆ ತಿನ್ನದ ಮನೆಯವರು ಬಂದು ಹೇಳಿ ಬಾಳೆಹಣ್ಣಿಗೆ ಬದಲಿಸಿಕೊಂಡರು. ಸಮೃದ್ಧಿಗಾಗಿ ಯಾರೂ ಬರಲಿಲ್ಲ. ಕಾಗದದ ಮೇಲಿನ ಮಗಳೂ ಊಟ ಮಾಡುತ್ತಾಳೆಂಬುದು ಹೆಗಡೆಯವರಿಗೆ ಹೊಳೆಯಲೇ ಇಲ್ಲ. ಬೆಳ್ಳುಳ್ಳಿಯನ್ನೂ ಒಳಗೆ ತಾರದ ಮನೆಯ ಹುಡುಗಿ ಎರಡು ವರ್ಷ ಮೊಟ್ಟೆ ತಿಂದಳೆಂದು ಪಟ್ಟಿ ಹೇಳುತ್ತಿತ್ತು. ಕೆಳಗೆ ಅಧ್ಯಕ್ಷರ ಸಹಿ ಇತ್ತು.

ತನಿಖೆಯ ದಿನ ಹೆಗಡೆಯವರು ಸಮೃದ್ಧಿಯನ್ನು ಸಮವಸ್ತ್ರ ಹಾಕಿಸಿ ಕಾರಿನಲ್ಲಿ ಕರೆತಂದರು. ಇಲಾಖೆಯ ಮೇಡಂ ತಲೆ ಎಣಿಸಿದರು, ಸೋರುವ ಮಾಡು ನೋಡಿದರು, ಮಧ್ಯಾಹ್ನ ಪಟ್ಟಿ ಹಿಡಿದು ಮಕ್ಕಳ ಪಂಕ್ತಿಯ ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಮಮತಾ ಮೊಟ್ಟೆಯ ಪಾತ್ರೆ ಹಿಡಿದು ಬಂದಳು. ಸಮೃದ್ಧಿಯ ಎದುರು ನಿಂತಾಗ ಮಾತ್ರ ಅವಳ ಕೈ ತಡೆಯಿತು. ಮಗು ಹೊಸ ಜಾಗದಲ್ಲಿ ಹೆದರಿ ಕೂತಿತ್ತು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿತ್ತು. ಮಮತಾ ಮೊಟ್ಟೆಯನ್ನು ತಟ್ಟೆಗೆ ಹಾಕಲಿಲ್ಲ. ಎತ್ತಿ ಹಿಡಿದು ಕೇಳಿದಳು:

"ಸಮೃದ್ಧಿ, ನಿನ್ನ ಹೆಸರಿಗೆ ಮೊಟ್ಟೆ ಬರ್ದೈತೆ ಮಗಾ. ಹಾಕ್ಲಾ?"

"ಅಪ್ಪಾ!" ಹುಡುಗಿ ತಟ್ಟೆ ಹಿಂದಕ್ಕೆಳೆದುಕೊಂಡಳು. "ಆನು ಇದೆಲ್ಲ ತಿಂತ್ನಿಲ್ಲೆ!"

ಹೆಗಡೆಯವರು ಓಡಿ ಬಂದರು. "ಏಯ್ ಮಮತಾ, ತಲೆ ಸರಿ ಇದ್ಯಾ ನಿಂಗೆ? ನಮ್ಮನೆ ಕೂಸಿಗೆ ಮೊಟ್ಟೆ ಹಾಕ್ತ್ಯಾ?"

"ನಾ ಹಾಕಿದ್ದಲ್ಲ ಹೆಗಡೇರೆ. ನೀವೇ ಸಹಿ ಮಾಡಿದ್ದು. ಎರಡು ವರ್ಷದಿಂದ ತಿಂತಾ ಐತೆ, ಪಟ್ಟಿ ನೋಡಿ."

ಮೇಡಂ ಪಟ್ಟಿ ನೋಡಿದರು. ಆಮೇಲೆ ಹುಡುಗಿಯತ್ತ ಬಾಗಿ, "ದಿನಾ ಊಟಕ್ಕೆ ಎಲ್ಲಿ ಕೂತ್ಕೋತೀಯಮ್ಮ?" ಎಂದು ಮೆತ್ತಗೆ ಕೇಳಿದರು.

"ನಮ್ಮ ಶಾಲೆಲಿ ಬೆಂಚಿದ್ದು. ಟಿಫಿನ್ ಬಾಕ್ಸ್ ಒಯ್ತೆ," ಎಂದಳು ಸಮೃದ್ಧಿ. ಸುಳ್ಳು ಹೇಳಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಪಂಕ್ತಿಯ ಕೊನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಪಂಕ್ತಿಯುದ್ದಕ್ಕೂ ಹಬ್ಬಿತು. ಹೆಗಡೆಯವರ ಕಿವಿ ಕೆಂಪಾದದ್ದನ್ನು ಮಮತಾ ಕಣ್ಣು ತುಂಬ ನೋಡಿದಳು. ಮೇಡಂ ಒಂದು ಹೆಸರಿನ ಮೇಲೆ ಗೆರೆ ಎಳೆದರು. ಆ ಹೆಸರಿಗೆ ದಿನಾ ಹಾಜರಿ ಹಾಕಿಸಿದ್ದ ಅಕ್ಕೋರ ಮುಖ ಬಿಳಿಚಿತು.

"ಮೂವತ್ತು ಉಳೀತು. ಕೋಣೆಗೆ ತೊಂದರೆ ಇಲ್ಲ," ಎಂದರು ಮೇಡಂ. "ಅಧ್ಯಕ್ಷರು ಮಾತ್ರ ಇವತ್ತೇ ರಾಜೀನಾಮೆ ಬರೆದುಕೊಡಲಿ. ಸುಳ್ಳು ಹಾಜರಿಗೆ ಅವರೂ ಮುಖ್ಯೋಪಾಧ್ಯಾಯಿನಿಯೂ ಲಿಖಿತ ಉತ್ತರ ಕೊಡಬೇಕು."

ಸಮೃದ್ಧಿ ಅಳುತ್ತಿದ್ದಳು. ಮಮತಾ ಸೆರಗಿನಿಂದ ಅವಳ ಮುಖ ಒರೆಸಿ, ಬಾಳೆಹಣ್ಣು ಸುಲಿದು ಕೈಗಿಟ್ಟಳು. ಆ ದಿನ ಮಮತಾಗೆ ನೋವಾದದ್ದು ಆ ಅಳುವೊಂದಕ್ಕೇ.

ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಹೆಗಡೆಯವರು ಅಡುಗೆಕೋಣೆಯ ಬಾಗಿಲಿಗೆ ಬಂದರು. ಕೂಗಾಡಲಿಲ್ಲ.

"ನಾ ನಿಂಗೆ ಎಂತ ಮಾಡಿದ್ದೆ ಮಮತಾ?"

ಮಮತಾ ತಲೆ ಎತ್ತಿದಳು. ಈ ಗಳಿಗೆಗಾಗಿ ತಿಂಗಳುಗಟ್ಟಲೆ ಅವಳು ಮಾತು ಜೋಡಿಸಿಟ್ಟಿದ್ದಳು. ಆದರೆ ಅವರ ಮುಖದಲ್ಲಿ ನಾಟಕವಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಹೇಳಿದರೆ, ಅಷ್ಟೇನಾ ಎಂದು ಹಗುರಾಗಿ ಮನೆಗೆ ಹೋಗುತ್ತಾರೆ. ರಾತ್ರಿ ನಿದ್ದೆಯೂ ಬರುತ್ತದೆ.

"ದಾರಿ ಬಿಡಿ ಹೆಗಡೇರೆ. ನೀರು ಚೆಲ್ಲಬೇಕು."

ಮರುದಿನವೂ ಅವರು ಬಂದರು. ಆಮೇಲೆ ಅಕ್ಕೋರನ್ನು ಕೇಳಿದರು, ಅವರು ಮಮತಾಳನ್ನೇ ಕೇಳಿ ಎಂದರು; ಬಸ್‌ಸ್ಟಾಪಿನಲ್ಲಿ ಮಮತಾಳ ಗಂಡ ಸುನೀಲನನ್ನು ಹಿಡಿದು ಕೇಳಿದರು. ಗಂಡ ಮನೆಗೆ ಬಂದು, "ಪಾಪ, ಹೇಳ್ಬಿಡಲಾ?" ಎಂದ.

"ಹೇಳ್ಬ್ಯಾಡಿ," ಎಂದಳು ಮಮತಾ, ದೀಕ್ಷಿತಾಳ ಜಡೆ ಹೆಣೆಯುತ್ತ. "ಕೇಳ್ತಾನೇ ಇರ್ಲಿ."