ಹೊಸದಕ್ಕೊಂದು ಬೊಟ್ಟು

ಮೇಜಿನ ಮೇಲೆ ಕಂಪ್ಯೂಟರಿನ ಪೆಟ್ಟಿಗೆ ಒಂದು ಬದಿಗೆ ಮಲಗಿತ್ತು. ಅದರ ಪಕ್ಕದ ತಗಡನ್ನು ತೆಗೆದು ಗೋಡೆಗೆ ಒರಗಿಸಿದ್ದರು. ಒಳಗೆ ಕೆಂಪು, ಹಳದಿ ತಂತಿಗಳು. ಫ್ಯಾನಿನ ರೆಕ್ಕೆಗಳ ಮೇಲೆ ತುಪ್ಪುಳದಂತೆ ಕೂತ ಬೂದು ಧೂಳು. ಹಸಿರು ಹಲಗೆಯ ಅಂಚಿನಲ್ಲಿ ಎರಡು ಉದ್ದನೆಯ ಸೀಳುಗಳು, ಒಂದು ತುಂಬಿ, ಒಂದು ಖಾಲಿ. ಕಿಟಕಿಯಿಂದ ಇಳಿದ ಮಂಜಿನ ಬೆಳಕು ಆ ಖಾಲಿ ಸೀಳಿನವರೆಗೆ ಬಂದು ನಿಂತಿತ್ತು. ಪಕ್ಕದಲ್ಲಿ, ಹರಡಿದ ದಿನಪತ್ರಿಕೆಯ ಮೇಲೆ, ಹೊಸ ರ‍್ಯಾಮ್ ಪಟ್ಟಿ.

ಶಾಮಣ್ಣ ಅದನ್ನೇ ನೋಡುತ್ತ ನಿಂತಿದ್ದರು. ಮಗಳು ತನ್ಮಯೀ ಮನೆಗಳ ನಕ್ಷೆ ಬರೆಯುವ ಕೆಲಸ ಕಲಿತವಳು. ಗಂಡನ ಮನೆ ಬಿಟ್ಟು ಮಡಿಕೇರಿಗೆ ಮರಳಿದ ಮೇಲೆ ಮಾತನ್ನೇ ಕಡಿಮೆ ಮಾಡಿದ್ದವಳ ಮುಖದಲ್ಲಿ, ಮೈಸೂರಿನ ಆಫೀಸೊಂದರಿಂದ ಫೋನು ಬಂದ ದಿನ, ಹಳೆಯ ನಗೆಯೊಂದು ಸುಳಿದಿತ್ತು. ಪರೀಕ್ಷೆಗೆಂದು ಒಂದು ನಕ್ಷೆ. ಅದು ಒಪ್ಪಿಗೆಯಾದರೆ ಮನೆಯಲ್ಲೇ ಕೂತು ಮಾಡುವ ಖಾಯಂ ಕೆಲಸ. ಇವತ್ತು ಸಂಜೆ ಐದರೊಳಗೆ ಕಳಿಸಬೇಕು, ಆಗಲೇ ನಾಲ್ಕಾಗುತ್ತ ಬಂದಿತ್ತು. ನಕ್ಷೆ ಮುಗಿಯುತ್ತ ಬಂದಂತೆ ಹಳೆಯ ಕಂಪ್ಯೂಟರು ಎಳೆದ ಗೆರೆಯ ಮೇಲೇ ಮರಗಟ್ಟತೊಡಗಿತ್ತು. ರ‍್ಯಾಮ್ ಹೆಚ್ಚಿಸಲೆಂದು ರಿಪೇರಿಯ ಮಹೇಶ ಬಂದಿದ್ದ.

"ಎಂಥ ಭಟ್ರೇ, ಈ ಧೂಳಲ್ಲಿ ಎರಡು ಕಾಫಿ ಗಿಡ ನೆಡ್ಬಹುದು!" ಎಂದು ನಕ್ಕು, ಫೋನು ಬಂತೆಂದು ಸಿಗ್ನಲ್ ಹುಡುಕಿಕೊಂಡು ಅಂಗಳಕ್ಕೆ ಹೋಗಿದ್ದ. ತನ್ಮಯೀ ಅವನಿಗೆ ಕಾಫಿ ಬೆರೆಸುತ್ತಿದ್ದಳು.

ಆ ಮನೆಯಲ್ಲಿ ಕುಕ್ಕರಾಗಲಿ, ಕೊಡೆಯಾಗಲಿ, ಗಂಧದ ಬೊಟ್ಟಿಲ್ಲದೆ ಬಳಕೆಗೆ ಇಳಿದದ್ದಿಲ್ಲ. ಶಾಮಣ್ಣ ದೇವರ ಕೋಣೆಯಿಂದ ತೇದ ಗಂಧದ ಬಟ್ಟಲು ತಂದರು. ಹೊಸ ಪಟ್ಟಿಯ ಕಪ್ಪು ಬಿಲ್ಲೆಗಳ ಮೇಲಿನ ಅಕ್ಷರ ಮುಚ್ಚಬಾರದೆಂದು ಯೋಚಿಸಿ, ಕೆಳಗಿನ ಹೊನ್ನಿನ ಅಂಚಿಗೆ, ರೇಷ್ಮೆ ಸೀರೆಯ ಜರಿಯಂಥ ಆ ಅಂಚಿಗೆ, ಎರಡೂ ಬದಿ ಬೊಟ್ಟಿಟ್ಟು ಕೈಮುಗಿದರು. ಮಗಳಿಗಾಗಿ ಮಾಡಲು ಅವರಿಗೆ ಗೊತ್ತಿದ್ದದ್ದು ಇಷ್ಟೇ.

ಮಹೇಶ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಬಂದು, ಪಟ್ಟಿಯನ್ನೆತ್ತಿ ಸೀಳಿಗೆ ಒತ್ತಿದ. ಗುಂಡಿ ಅದುಮಿದ. ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಸುಟ್ಟ ವಾಸನೆ, ಅದರ ಅಡಿಯಲ್ಲಿ, ತೆಳ್ಳಗೆ, ಶ್ರೀಗಂಧ.

ಅವನು ಪಟ್ಟಿ ಕಿತ್ತು ಮೂಗಿಗೆ ಹಿಡಿದ. "ಇದೆಂಥ ಮಾರಾಯ್ರೆ! ಯಾರು ಹಚ್ಚಿದ್ದು?"

"ಒಂದು ಬೊಟ್ಟು... ಹೊಸದಲ್ವಾ ಅಂತ," ಎಂದರು ಶಾಮಣ್ಣ. "ಒರೆಸಿದ್ರೆ ಹೋಗ್ತದಲ್ಲ?"

"ಒರೆಸೋದೆಂಥ ಭಟ್ರೇ, ಹಸಿ ಇತ್ತು, ಶಾರ್ಟ್ ಆಗಿ ಬೋರ್ಡೇ ಹೋಯ್ತು. ನಾನಾದ್ರೂ ನೋಡ್ಬೇಕಿತ್ತು, ಕರ್ಮ. ಈ ಬೋರ್ಡು ಈಗ ಅಂಗಡಿಗೆ ಬರೋದೇ ಇಲ್ಲ."

ಕಾಫಿಯ ಲೋಟ ಹಿಡಿದು ತನ್ಮಯೀ ಬಂದು ನಿಂತಿದ್ದಳು. "ನಕ್ಷೆ?"

"ಡಿಸ್ಕಲ್ಲಿ ಉಳಿದಿರ್ತದೆ ಅಕ್ಕ. ಬೇರೆ ಮೆಷಿನ್‌ಗೆ ಹಾಕಿದ್ರೆ ಸಿಗ್ತದೆ. ನನ್ನ ಅಂಗಡೀಲಿರೋದು ಇದಕ್ಕಿಂತ ಮುದುಕ."

ಅವಳು ಲೋಟವಿಟ್ಟು ಅಂಗಳಕ್ಕಿಳಿದು ಮೈಸೂರಿಗೆ ಫೋನು ಮಾಡಿದಳು. "ಎಂಟು ಗಂಟೆವರೆಗೆ ಟೈಮ್ ಕೊಡಿ ಸರ್... ಹೌದು ಸರ್... ಸರಿ ಸರ್." ಒಳಬಂದು ಚೀಲ ಹುಡುಕಿದಳು. "ಕೆಲಸ ಬೇರೆಯವರಿಗೆ ಕೊಡ್ತಾರಂತೆ. ನಾನು ಕುಶಾಲನಗರಕ್ಕೆ ಹೋಗಿ ಬರ್ತೇನೆ. ನನ್ನ ಫ್ರೆಂಡ್ ದಿವ್ಯಶ್ರೀ ಮನೇಲಿ ಒಳ್ಳೆ ಕಂಪ್ಯೂಟರ್ ಉಂಟು."

"ಬೇರೆಯವರಿಗೆ ಕೊಟ್ಟ ಮೇಲೆ ಯಾಕೆ ಮಗಾ?"

"ಮುಗೀತಾ ಬಂದಿತ್ತಲ್ಲ. ಮುಗಿಸಿ ಕಳಿಸಿಬಿಡ್ತೇನೆ."

"ನಾನೂ ಬರ್ತೇನೆ."

"ನೀನು ಬಂದು ಎಂಥ ಮಾಡ್ತಿ ಅಪ್ಪ?"

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

ಮಹೇಶ ಬಿಚ್ಚಿಕೊಟ್ಟ ಡಿಸ್ಕನ್ನು ದುಪಟ್ಟಾದಲ್ಲಿ ಸುತ್ತಿ ಚೀಲಕ್ಕಿಟ್ಟು, ಅವಳು ಚಪ್ಪಲಿ ಮೆಟ್ಟಿದಳು. ಶಾಮಣ್ಣ ಹೊಸ್ತಿಲವರೆಗೆ ಹಿಂದೆಯೇ ಬಂದರು. ಥಂಡಿ ಒಳಗೆ ಬಾರದಿರಲೆಂದು, ಯಾವಾಗಲೂ ಮಾಡುವಂತೆ, ಅವಳು ಹೊರಗಿನಿಂದ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿದಳು.