ಹನ್ನೊಂದು ಮನೆಯ ಕುರ್ಚಿ

ಗಟ್ಟಿಬಾಯಿಯ ಗಂಡ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಹಾಸಿಗೆ ಹಿಡಿದ ಅನ್ನುವುದು ಬರೀ ಮಾತಿಗೆ. ಬೆನ್ನು ನೆಲಕ್ಕೆ ತಾಗಿದರೆ ಅವನ ಉಸಿರು ಕಟ್ಟುತ್ತಿತ್ತು. ಗೋಡೆಗೆ ಹಳೆ ಸಿಮೆಂಟು ಚೀಲಗಳ ಮೂಟೆ ಒಟ್ಟಿ, ಅದಕ್ಕೆ ಒರಗಿ, ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ಒಂದು ಲೋಟ ನೀರು ಕುಡಿಯಲು ಮೂರು ಸಲ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕು.

ಹದಿನೆಂಟು ವರ್ಷ ಜಲ್ಲಿ ಕ್ರಷರಿನ ಬಾಯಿಗೆ ಕಲ್ಲು ಹಾಕಿದವನು ಅವನು. ಮಿಷನ್ನು ಕಲ್ಲು ತಿಂದು ಜಲ್ಲಿ ಉಗುಳಿತು. ಜಲ್ಲಿ ರಸ್ತೆಗೆ ಹೋಯಿತು, ಲಾಭ ಯಜಮಾನನ ಮನೆಗೆ ಹೋಯಿತು, ಹುಡಿ ಇವನ ಎದೆಯೊಳಗೆ ಹೋಯಿತು. ಯಜಮಾನ ಒಮ್ಮೆ ನೋಡಲು ಬಂದ. ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು, "ಸೇದೋದು ಬಿಡು ಅಂತ ಆವಾಗ್ಲೇ ಹೇಳಿದ್ದೆ, ಕೇಳಿದ್ಯಾ?" ಅಂದ. ಗಂಡ ಹುಟ್ಟಿದಾಗಿನಿಂದ ಒಂದು ದಿನವೂ ಸೇದಿದವನಲ್ಲ. ಅದನ್ನು ಹೇಳಲು ಅವನಿಗೆ ಉಸಿರು ಸಾಲಲಿಲ್ಲ.

"ಅವರು ಸೇದಿದ್ದು ನಿಮ್ಮ ಹುಡಿನ, ಯಜಮಾನ್ರೇ," ಅಂದಳು ಗಟ್ಟಿಬಾಯಿ.

ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಜಮಾನ ನಕ್ಕ. "ಬಾಯಿ ಗಟ್ಟಿ ಇದೆ, ಕೈನೂ ಗಟ್ಟಿ ಇರಬೇಕು. ನಾಳೆಯಿಂದ ಇವನ ಜಾಗಕ್ಕೆ ನೀನೇ ಬಾ," ಅಂದು ಹೋದ. ಅವಳು ಹೋದಳು. ಹೋಗದೆ ಏನು ಮಾಡುತ್ತಾಳೆ? ಹಳೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಕಟ್ಟಿಕೊಂಡು, ಗಂಡ ನಿಂತ ಜಾಗದಲ್ಲೇ ನಿಂತು ಕಲ್ಲು ಹಾಕಿದಳು.

ಗಂಡನ ಜೀವ ನಿಂತಿದ್ದು ಒಂದು ಕಾರ್ಡಿನ ಮೇಲೆ. ಬಡವರ ಕಾರ್ಡು. ಅದು ಇದ್ದವರಿಗೆ ದೊಡ್ಡಾಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಪುಕ್ಕಟೆ ಆಕ್ಸಿಜನ್. ಬೀದಿಯವರು ಅದನ್ನು 'ಗಾಳಿ ಹಿಡಿಸೋದು' ಅನ್ನುತ್ತಿದ್ದರು. ಗಾಳಿ ಹಿಡಿಸಿಕೊಂಡು ಬಂದ ದಿನ ಅವನ ತುಟಿಯ ನೀಲಿ ಇಳಿಯುತ್ತಿತ್ತು. ಹೆಂಡತಿಯನ್ನು ನೋಡಿ, "ಏನೇ, ಇವತ್ತು ಯಾರ ಜೊತೆ ಜಗಳ ಆಡಿದೆ?" ಅಂತ ಕೇಳುವಷ್ಟು ಉಸಿರು ಬರುತ್ತಿತ್ತು. ಆ ಒಂದು ಪ್ರಶ್ನೆ ಕೇಳಿಸಿಕೊಳ್ಳಲಿಕ್ಕಾಗಿಯೇ ಅವಳು ಅವನನ್ನು ತಳ್ಳುಗಾಡಿಯಲ್ಲಿ ಕೂರಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಗಣತಿ ಬಂತು.

ಗಣತಿಗೆ ಬಂದವನು ಶಾಲೆಯ ಮೇಷ್ಟ್ರು. ಬೀದಿಯ ಮಕ್ಕಳಿಗೆ ಪಾಠ ಹೇಳುವವನೇ. ಬಿಸಿಲಲ್ಲಿ ನಡೆದು ಬರುತ್ತಿದ್ದಾನೆ ಅಂತ ಸುದ್ದಿಯಾದ ಕೂಡಲೇ ಹೆಂಗಸರು ಎದ್ದರು. ಆ ಬೀದಿಯಲ್ಲಿ ಹನ್ನೊಂದು ಮನೆ, ಎಲ್ಲಾ ಒಂದೇ ಗೋಡೆಗೆ ಅಂಟಿಕೊಂಡವು, ಹಿತ್ತಿಲು ಒಂದೇ. ಹನ್ನೊಂದು ಮನೆಗೂ ಇದ್ದದ್ದು ಒಂದೇ ಒಂದು ಕುರ್ಚಿ, ಹೊಲಿಗೆಯಕ್ಕನದು. ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸಬಾರದು ಅನ್ನುವುದು ಅಲ್ಲಿನ ಹಟ. ಹೆಣ್ಣು ನೋಡಲು ಬಂದರೂ, ಹೆಣ ನೋಡಲು ಬಂದರೂ ಆ ಕುರ್ಚಿ ಹಿತ್ತಿಲಿನಿಂದ ಆ ಮನೆಗೆ ಹೋಗುತ್ತಿತ್ತು. ಯಾರೂ ಕೇಳಬೇಕಾಗಿರಲಿಲ್ಲ.

"ಮಕ್ಕಳಿಗೆ ಪಾಠ ಹೇಳೋ ಮೇಷ್ಟ್ರು. ನಮ್ಮನೇಲಿ ಒಂದು ಕುರ್ಚಿಗೂ ಗತಿ ಇಲ್ಲ ಅಂತ ನೋಡಿದ್ರೆ ನಾಳೆ ಮಕ್ಕಳನ್ನ ಹಿಂದಿನ ಸಾಲಿಗೆ ಕೂರಿಸ್ತಾನೆ," ಅಂದಳು ಹೊಲಿಗೆಯಕ್ಕ. ಅಷ್ಟು ಸಾಕಾಯಿತು. ಮೇಷ್ಟ್ರು ಮೊದಲ ಮನೆಯಲ್ಲಿ ಕೂತು ಎದ್ದ. ಅವನು ಮುಂಬಾಗಿಲಿನಿಂದ ಹೊರಬೀಳುವುದರೊಳಗೆ ಕುರ್ಚಿ ಹಿಂಬಾಗಿಲಿನಿಂದ ಎರಡನೆಯ ಮನೆ ಸೇರಿತ್ತು. ಹೀಗೆ ಮೇಷ್ಟ್ರು ಮುಂದೆ, ಕುರ್ಚಿ ಹಿಂದೆ. ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಬೀದಿಯಲ್ಲಿ ಅಷ್ಟು ನಗು ಕೇಳಿ ಎಷ್ಟೋ ದಿನವಾಗಿತ್ತು.

ಏಳನೆಯ ಮನೆ ಗಟ್ಟಿಬಾಯಿಯದು. ಮೇಷ್ಟ್ರು ಕೂತ, ಬೆವರು ಒರೆಸಿಕೊಂಡ, ಪುಸ್ತಕ ತೆರೆದ.

"ಏನು ಸ್ವಾಮಿ ಇದು ಗಣತಿ?"

"ಈ ಸೀಮೆಯ ಜನರ ಸಾಮಾಜಿಕ, ಆರ್ಥಿಕ ಸ್ಥಿತಿಗತಿ ಅಮ್ಮ."

"ಸ್ಥಿತಿ ಮೂಲೇಲಿ ಕೂತಿದೆ, ನೋಡಿ. ಗತಿ ದೇವರಿಗೇ ಗೊತ್ತು. ಬರ್ಕೊಳಿ."

ಮೇಷ್ಟ್ರು ನಗಲಿಲ್ಲ. ಕಣ್ಣು ಸುತ್ತ ಹಾಯಿಸಿದ. "ಕುರ್ಚಿ ಇದೆ," ಅಂತ ಗೊಣಗಿ ಗುರುತು ಹಾಕಿದ. ಗಂಡನ ಮುಖಕ್ಕೆ ತಿರುಗಿಸಿಟ್ಟ ಫ್ಯಾನಿನ ಕಡೆ ನೋಡಿದ. "ಫ್ಯಾನು ಇದೆ."

"ಅದು ನಮ್ಮದಲ್ಲ. ಪಕ್ಕದ ಕ್ಷೌರದಣ್ಣ ಇವರಿಗೆ ಗಾಳಿ ಬರಲಿ ಅಂತ ಕೊಟ್ಟಿದಾನೆ."

"ಇಲ್ಲೇ ಇದೆ ಅಲ್ವಾ?"

"ಇದೆ. ಆದ್ರೆ ನಮ್ಮದಲ್ಲ ಅಂತ ಹೇಳ್ತಾ ಇದೀನಲ್ಲ."

"ಹೇಳಿದ್ದು ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ. ಕಂಡದ್ದು ಬರೆಯೋಕೆ ಮಾತ್ರ ಇದೆ." ಏಳುವಾಗ ಅವನ ಪ್ಯಾಂಟು ಕುರ್ಚಿಯ ಮೊಳೆಗೆ ಸಿಕ್ಕಿತು. ಬಿಡಿಸಿಕೊಂಡು, "ನಿಮ್ಮ ಬೀದೀಲಿ ಎಲ್ಲಾ ಕುರ್ಚಿಗೂ ಒಂದೇ ಜಾಗದಲ್ಲಿ ಮೊಳೆ ಎದ್ದಿದೆ," ಅಂದ. ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಎಂಟನೆಯ ಮನೆಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತು ಅದೇ ಗುರುತು ಹಾಕಿದ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡಾಸ್ಪತ್ರೆಯ ಕಿಟಕಿಯಲ್ಲಿ ಕೂತ ಹುಡುಗಿ ಕಾರ್ಡನ್ನು ವಾಪಸು ತಳ್ಳಿದಳು. "ಇದು ನಡೆಯಲ್ಲ. ನೀವು ಬಡವರ ಪಟ್ಟೀಲಿಲ್ಲ."

"ಏನಮ್ಮಾ ತಮಾಷೆ? ಇವರ ತುಟಿ ನೋಡು."

"ತುಟಿ ನಾನೇನು ನೋಡ್ಲಿ? ಕಂಪ್ಯೂಟರ್ ನೋಡ್ಬೇಕು. ಪಕ್ಕಕ್ಕೆ ಸರೀರಿ, ಹಿಂದೆ ಜನ ಇದಾರೆ."

ಗಂಡ ತಳ್ಳುಗಾಡಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ವಾಪಸು ಬರುವಾಗ ದಾರಿಯುದ್ದಕ್ಕೂ ಗಾಡಿಯ ಅಂಚು ಬಿಗಿಯಾಗಿ ಹಿಡಿದಿದ್ದ. ಮಾತಾಡಿದರೆ ಅತ್ತುಬಿಡುತ್ತೇನೆ ಅಂತ ಅವಳಿಗೆ ಭಯ.

ಮರುದಿನ ಕೂಲಿ ಬಿಟ್ಟು ದೊಡ್ಡ ಕಚೇರಿಗೆ ಹೋದಳು. ಜೊತೆಗೆ ಹೊಲಿಗೆಯಕ್ಕ. ಮೂರು ಗಂಟೆ ನಿಂತ ಮೇಲೆ ಸಾಹೇಬರ ದರ್ಶನವಾಯಿತು. ಅವರ ಹಿಂದಿನ ಗೋಡೆಯ ಮೇಲೆ ಸೀಮೆಯ ನಕ್ಷೆ. ಹೋದ ಸಲ ಕೆಂಪಿದ್ದ ಜಾಗವೆಲ್ಲ ಈ ಸಲ ಹಸಿರು.

"ನೋಡಮ್ಮ, ನಿಮ್ಮ ಬೀದಿ ಮುಂದುವರಿದಿದೆ. ಹನ್ನೊಂದು ಮನೆ, ಹನ್ನೊಂದು ಕುರ್ಚಿ. ನಿಮ್ಮನೇಲಿ ಫ್ಯಾನ್ ಬೇರೆ. ಸಂತೋಷಪಡೋ ವಿಷಯ."

ಹೊಲಿಗೆಯಕ್ಕ ಕೈ ಮುಗಿದಳು. "ಸಾಹೇಬ್ರೇ, ಕುರ್ಚಿ ನಂದೊಬ್ಬಳದು. ಎಲ್ಲಾ ಮನೆಗೂ ನಾವೇ ಹೊತ್ಕೊಂಡು ಹೋದ್ವಿ. ಮರ್ಯಾದೆಗೆ."

"ಅಂದ್ರೆ ಸರ್ಕಾರಕ್ಕೆ ಸುಳ್ಳು ತೋರಿಸಿದ್ರಿ?"

"ನಾವು ಸುಳ್ಳು ತೋರಿಸಿದ್ದಲ್ಲ," ಅಂದಳು ಗಟ್ಟಿಬಾಯಿ. "ಕೂತ್ಕೊಳೋಕೆ ಕೊಟ್ವಿ. ನಿಮ್ಮ ಮೇಷ್ಟ್ರು ಕೂತು, ಕೂತದ್ದಕ್ಕೇ ನಮ್ಮ ಕತ್ತು ಕುಯ್ದರು. ಸರಿ, ನಮ್ಮದು ಬಿಡಿ. ಕ್ರಷರ್ ಯಜಮಾನನ ತಾಯಿ ಹೆಸರು ಪಟ್ಟೀಲಿ ಹೆಂಗೆ ಇದೆ?"

ಸಾಹೇಬರು ಹಾಳೆ ತಿರುವಿದರು. "ಆಯಮ್ಮ ಬೇರೆ ವಾಸ. ಹಿಂದಿನ ಶೆಡ್ಡಿನಲ್ಲಿ. ಚಾಪೆ ಬಿಟ್ಟರೆ ಏನೂ ಇಲ್ಲ. ಕಂಡದ್ದೇ ಬರೆದಿದಾರೆ."

"ಆ ಶೆಡ್ಡು ಅವರ ಕಾರು ನಿಲ್ಲಿಸೋ ಜಾಗ ಸ್ವಾಮಿ! ಗಣತಿ ದಿನ ಒಂದು ಗಂಟೆ ಅಜ್ಜೀನ ಅಲ್ಲಿ ಚಾಪೆ ಮೇಲೆ ಕೂರಿಸಿದ್ರು. ಊರಿಗೇ ಗೊತ್ತು."

"ಊರಿಗೆ ಗೊತ್ತಿರೋದೆಲ್ಲ ದಾಖಲೆ ಆಗಲ್ಲ. ತಕರಾರು ಇದ್ರೆ ಅರ್ಜಿ ಕೊಡಿ. ಮರುತನಿಖೆಗೆ ಕಳಿಸ್ತೀವಿ. ಸರದಿ ಬಂದಾಗ ಬರ್ತಾರೆ."

"ಸರದಿ ಯಾವಾಗ ಬರತ್ತೆ?"

"ಬಂದಾಗ."

ಬೀದಿಗೆ ಬಂದು ಹೇಳಿದಾಗ ಕೊನೆಮನೆಯ ಕುಂಟಜ್ಜ ಕೋಲು ನೆಲಕ್ಕೆ ಕುಟ್ಟಿದ. "ಥೂ, ನಿಮ್ಮ ಮರ್ಯಾದೆಗೆ ಬೆಂಕಿ ಹಾಕ! ಇದ್ದೋರು ಇಲ್ಲ ಅನ್ನೋದನ್ನ ಹೊಟ್ಟೇಲೇ ಕಲ್ತು ಬರ್ತಾರೆ. ನೀವು ಇಲ್ಲದ್ದನ್ನ ಇದೆ ಅಂತ ಹೊತ್ಕೊಂಡು ಓಡಾಡಿದ್ರಿ."

"ನಿಮ್ಮನೇಲಿ ಕುರ್ಚಿ ಇಟ್ಟಾಗ ಸುಮ್ಮನಿದ್ರಲ್ಲ ಅಜ್ಜ," ಅಂದಳು ಹೊಲಿಗೆಯಕ್ಕ.

ಅಜ್ಜ ತಲೆ ತಗ್ಗಿಸಿದ. "ಮೇಷ್ಟ್ರು ನಿಂತ್ಕೊಂಡಿರೋದು ನನಗೂ ನೋಡೋಕಾಗ್ಲಿಲ್ಲ ಕಣವ್ವ."

ಅರ್ಜಿ ಕೊಟ್ಟರು, ಹನ್ನೊಂದು ಮನೆಯವರೂ ಹೆಬ್ಬೆಟ್ಟು ಒತ್ತಿ. ಆಮೇಲೆ ಕಾದರು. ಗಟ್ಟಿಬಾಯಿ ಕ್ರಷರಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ದುಡ್ಡು ಕೊಟ್ಟು ಒಂದು ಸಲ ಗಾಳಿ ಹಿಡಿಸಲು ಅವಳ ಹದಿನೈದು ದಿನದ ಕೂಲಿ ಬೇಕಿತ್ತು. ಎರಡು ಸಲ ಹಿಡಿಸಿದಳು. ಮೂರನೆಯ ಸಲಕ್ಕೆ ಕೂಲಿ ಒಟ್ಟಾಗಿರಲಿಲ್ಲ. ಒಂದು ಮಧ್ಯಾಹ್ನ ಕ್ಷೌರದಣ್ಣ ಕ್ರಷರಿಗೆ ಓಡಿ ಬಂದ. ಮಿಷನ್ನಿನ ಸದ್ದಿನಲ್ಲಿ ಅವನು ಏನಂದ ಅಂತ ಅವಳಿಗೆ ಕೇಳಲಿಲ್ಲ. ಅವನ ಮುಖ ನೋಡಿ ಕೈಯಲ್ಲಿದ್ದ ಕಲ್ಲು ಕೆಳಗೆ ಬಿಟ್ಟಳು. ಅವಳು ಮನೆ ಮುಟ್ಟಿದಾಗ ಗಂಡ ಚೀಲಗಳಿಗೆ ಒರಗಿ ಕೂತೇ ಇದ್ದ. ಫ್ಯಾನು ತಿರುಗುತ್ತಿತ್ತು. ಯಜಮಾನ ಅರ್ಧ ದಿನದ ಕೂಲಿ ಹಿಡಿದುಕೊಂಡ.

ಮಣ್ಣು ಮಾಡಿ ಐದು ವಾರ ಆದ ಮೇಲೆ ಮರುತನಿಖೆಯ ಸರದಿ ಬಂತು. ಅದೇ ಮೇಷ್ಟ್ರು. ಬೀದಿಯವರೆಲ್ಲ ಗಟ್ಟಿಬಾಯಿಯ ಬಾಗಿಲಿಗೆ ಬಂದು ನಿಂತರು. ಅವಳಿಗೂ ಈಗ ಕೆಮ್ಮು ಹಿಡಿದಿತ್ತು, ಬೆಳಿಗ್ಗೆ ಎದ್ದರೆ ಬೂದಿ ಬಣ್ಣದ ಕಫ. ಗಂಡನಿಗೆ ಕೈತಪ್ಪಿದ ಕಾರ್ಡು ತನಗಾದರೂ ಬೇಕಿತ್ತು.

ಮೇಷ್ಟ್ರು ಒಳಗೆ ಇಣುಕಿ ನೋಡಿದ. ಫಾರಮಿನಲ್ಲಿ ಕುರ್ಚಿ ಹೊಡೆದುಹಾಕಿದ, ಫ್ಯಾನು ಹೊಡೆದುಹಾಕಿದ. ಹೆಂಗಸರು ಉಸಿರು ಬಿಟ್ಟರು.

"ಮನೇಲಿ ಎಷ್ಟು ಜನ?"

"ನಾನೊಬ್ಬಳೇ."

ಮೇಷ್ಟ್ರು ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. ತಲೆ ಎತ್ತಲಿಲ್ಲ. "ಅಮ್ಮ, ಹೋದ ಸಲ ನಿಮ್ಮ ಕೂಲೀನ ಎರಡು ತಲೆಗೆ ಹಂಚಿದ್ದೆ. ಕುರ್ಚಿ, ಫ್ಯಾನು ಇಲ್ಲದೇ ಹೋಗಿದ್ರೆ ನಿಮ್ಮ ಹೆಸರು ಖಂಡಿತಾ ಪಟ್ಟೀಲಿರ್ತಿತ್ತು. ಈಗ ಒಂದೇ ತಲೆ. ಬಡವರ ಗೆರೆಗಿಂತ ಮೇಲೆ ಹೋಗ್ತೀರಿ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದು ಗಟ್ಟಿಬಾಯಿಗೆ.

"ಅಂದ್ರೆ, ಅವರು ಸತ್ತಿದ್ದಕ್ಕೆ ನಾನು ಮುಂದೆ ಬಂದೆ."

"ಫಾರಂ ಹಾಗೆ ಹೇಳತ್ತೆ ಅಮ್ಮ. ನಾನು ಹೇಳ್ತಾ ಇಲ್ಲ." ಮೇಷ್ಟ್ರು ಫಾರಂ ಮುಂದೆ ಹಿಡಿದ. "ಇಲ್ಲೊಂದು ಹೆಬ್ಬೆಟ್ಟು."

"ಒತ್ತಲ್ಲ."

"ಅಮ್ಮ..."

"ಬೆರಳು ಕತ್ತರಿಸ್ಕೊಂಡು ಹೋಗಿ ಬೇಕಾದ್ರೆ. ನನ್ನ ಗಂಡನ್ನ ಕಳೆದು ನನ್ನ ಕೂಡಿಸಿದ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಲ್ಲ!"

"ನಾನೂ ಒತ್ತಲ್ಲ," ಅಂದಳು ಹೊಲಿಗೆಯಕ್ಕ. ಕ್ಷೌರದಣ್ಣ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಕುಂಟಜ್ಜ, "ನನ್ನ ಹೆಬ್ಬೆಟ್ಟೂ ಸಿಕ್ಕಲ್ಲ, ನಡೀರಿ," ಅಂದ. ಹನ್ನೊಂದು ಮನೆಯವರೂ ಅಂದರು. ಮಕ್ಕಳೂ ಕೈ ಹಿಂದೆ ಕಟ್ಟಿ ನಿಂತವು.

ಮೇಷ್ಟ್ರು ಫಾರಂ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಮೆಲ್ಲಗೆ, "ನೀವು ಒತ್ತದಿದ್ರೂ ನಡೆಯತ್ತೆ ಅಮ್ಮ. ಫಾರಂ ಹಾಗೇ ಮೇಲಕ್ಕೆ ಹೋಗತ್ತೆ," ಅಂದ.

ಫಾರಮಿನ ಕೊನೆಯ ಪುಟದ ತಳದಲ್ಲಿ ಒಂದು ಸಣ್ಣ ಚೌಕ ಇತ್ತು. 'ಮನೆಯವರು ಸಹಿ ಹಾಕಲು ನಿರಾಕರಿಸಿದ್ದಾರೆ.' ಅದಕ್ಕೆ ಗುರುತು ಹಾಕಿದ. ಚೀಲದಿಂದ ಉಳಿದ ಹತ್ತು ಮನೆಗಳ ಫಾರಂ ತೆಗೆದು, ಆ ಮನೆಗಳೊಳಗೆ ಇಣುಕದೆಯೇ, ಅಲ್ಲೇ ಗೋಡೆಗೆ ಒತ್ತಿ ಹಿಡಿದುಕೊಂಡು, ಒಂದೊಂದಾಗಿ ಅದೇ ಚೌಕಕ್ಕೆ ಗುರುತು ಹಾಕುತ್ತಾ ಹೋದ.