ಕೌದಿಯ ನಡುವಿನ ಮರ

ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುವ ಮೀನಾ ಆ ವರ್ಷ ಒಪ್ಪಿಕೊಂಡದ್ದು ಸಣ್ಣ ಕೆಲಸ. ಊರಿನ ಒಂದು ಟ್ರಸ್ಟಿನವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನರಿಗಾಗಿ ಕಲಾ ಸ್ಪರ್ಧೆಯೊಂದನ್ನು ಇಟ್ಟಿದ್ದರು. ವಿಷಯ ‘ಇಪ್ಪತ್ತೈದು ವರ್ಷದ ನಂತರ ನಮ್ಮೂರು’. ನೆಲ, ನೀರು, ಗಿಡಮರ ಮೊಮ್ಮಕ್ಕಳ ಕಾಲಕ್ಕೂ ಉಳಿದಿರುವ ಊರು ಹೇಗಿರಬೇಕು ಎಂಬುದನ್ನು ಬರೆದಾಗಲಿ, ಕೆತ್ತಿಯಾಗಲಿ, ಹೊಲಿದಾಗಲಿ ತೋರಿಸಬಹುದಿತ್ತು. ಊರೂರು ಸುತ್ತಿ ಸ್ಪರ್ಧಿಗಳನ್ನು ಹುಡುಕಿ ತರುವ ಜವಾಬ್ದಾರಿ ಮೀನಾಳಿಗೆ ಬಂತು.

ಎರಡು ತಿಂಗಳು ತಿರುಗಿದಳು. ಎಲ್ಲಿ ಹೋದರೂ ಅದೇ ಡ್ರಾಯಿಂಗ್ ಶೀಟು, ಅದೇ ಗಾಳಿಯಂತ್ರ, ನೀಲಿ ಸೋಲಾರ್ ಫಲಕ, ಗುಡ್ಡಗಳ ನಡುವೆ ನಗುವ ಸೂರ್ಯ. ಬೇಸರಪಟ್ಟುಕೊಳ್ಳುವಂತೆಯೂ ಇರಲಿಲ್ಲ. ಅದರಲ್ಲಿ ಅರ್ಧದಷ್ಟನ್ನು ತಾನೇ ಕ್ಲಾಸಿನಲ್ಲಿ ಮಕ್ಕಳಿಗೆ ಬರೆಯಲು ಕಲಿಸಿದ್ದಳು.

ಡಿಸೆಂಬರಿನಲ್ಲಿ ರಾಮದುರ್ಗದಿಂದ ಮಾಲಾ ಎಂಬ ಹುಡುಗಿಯ ಫೋನು ಬಂತು. ಅಲ್ಲಿನ ಔಷಧದಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಮೊಬೈಲಿನಲ್ಲಿ ಸ್ಪರ್ಧೆಯ ಸುದ್ದಿ ನೋಡಿದ್ದಳು.

“ನಮ್ಮವ್ವ ಒಂದ ಕೌದಿ ಹೊಲದಾಳ್ರಿ, ಅಕ್ಕೋರ. ಅದು ನಡೀತೈತೋ ಇಲ್ಲೋ, ನೀವ ಬಂದ ನೋಡಿ ಹೇಳ್ರಿ.”

ಅವರ ಹಳ್ಳಿ ಸುರೇಬಾನದಿಂದ ನಾಲ್ಕು ಕಿಲೋಮೀಟರು. ಮೀನಾಳಿಗೆ ಅದು ಹೊಸ ಊರಲ್ಲ. ಅವಳ ಸೋದರತ್ತೆ ಕೆಂಚವ್ವನನ್ನು ಕೊಟ್ಟಿದ್ದು ಅದೇ ಊರಿನ ದೊಡ್ಡ ಒಕ್ಕಲುತನದ ಮನೆಗೆ. ಬೇಸಿಗೆ ರಜೆಗಳನ್ನೆಲ್ಲ ಅಲ್ಲೇ ಕಳೆದಿದ್ದಳು. ಆದರೂ ಊರಾಚೆ ಮಾಲಾ ಇದ್ದ ಕೇರಿಗೆ ಅವಳು ಕಾಲಿಟ್ಟದ್ದು ಆ ಭಾನುವಾರವೇ ಮೊದಲು.

ಮಾಲಾಳ ತಾಯಿ ಕಾಡವ್ವನಿಗೆ ಅರವತ್ತರ ಆಸುಪಾಸು. ಮೂವತ್ತು ವರ್ಷ ಮಂದಿಯ ಹೊಲದಲ್ಲಿ ಕಳೆ ತೆಗೆದು, ಕಬ್ಬು ಕಡಿದು, ಮೊಣಕಾಲು ಸೋತ ಮೇಲೆ ಕೌದಿ ಹೊಲಿಯುತ್ತ ಕುಳಿತಿದ್ದಳು. ಗೋಡೆಯ ಮೇಲೆ ಬುದ್ಧನದೊಂದು, ಬಾಬಾಸಾಹೇಬರದೊಂದು ಫೋಟೊ. ಸಾರಿಸಿದ ಅಂಗಳದಲ್ಲಿ ತಾಯಿ ಮಗಳು ಇಬ್ಬರೂ ಎರಡು ತುದಿ ಹಿಡಿದು ಕೌದಿಯನ್ನು ಹಾಸಿದರು.

ಮೀನಾ ಚಪ್ಪಲಿ ಬಿಟ್ಟು ಅದರ ಸುತ್ತ ಒಂದು ಸುತ್ತು ಬಂದಳು. ಹಳೆಯ ಸೀರೆ, ಧೋತರ, ಶಾಲೆಯ ಸಮವಸ್ತ್ರ, ಅಂಗಿಯ ತುಣುಕುಗಳಿಂದ ಇಡೀ ಊರು ಎದ್ದು ನಿಂತಿತ್ತು. ಎಲ್ಲ ಕಡೆ ಕಬ್ಬೇ ಇದ್ದ ಹೊಲಗಳಲ್ಲಿ ಕೌದಿಯ ಮೇಲೆ ಜೋಳ, ನಡುನಡುವೆ ಕುಸುಬೆ, ಅಲಸಂದಿ, ತೊಗರಿಯ ಸಾಲು. ಬತ್ತಿದ್ದ ಹಳ್ಳದಲ್ಲಿ ನೀರು. ನಾಲ್ಕು ದಿಕ್ಕಿನಿಂದಲೂ ಕೆಂಪು ದಾರಿಗಳು ಬಂದು ನಡುವೆ ಕೂಡಿದ್ದವು. ಕೇರಿಯ ದಾರಿಯೂ ಊರಬಾಗಿಲ ಅಗಸಿಯೊಳಗಿಂದ ನೇರ ಅಲ್ಲಿಗೇ ಬಂದಿತ್ತು. ದಾರಿಗಳು ಕೂಡಿದಲ್ಲಿ ಒಂದು ನೀರಿನ ಟಾಕಿ. ಅದರ ಮುಂದೆ ಕೊಡ ಹಿಡಿದ ನಲವತ್ತು ಮಂದಿಯ ಒಂದೇ ಸಾಲು.

“ಇವರೆಲ್ಲಾ ಯಾರು?” ಎಂದು ಕೇಳಿದಳು.

“ಊರಾಗಿನ ಮಂದಿರಿ. ಮನಿಗೊಂದ ಹಳೀ ಅರಿವಿ ಕೊಡ್ರಿ, ಊರಿನ ಕೌದ್ಯಾಗ ನಿಮ್ಮನ್ನ ಹಚ್ಚತೇನಿ ಅಂದ್ನಿ. ಎಲ್ಲಾರೂ ಕೊಟ್ರು. ಯಾರ ಅರಿವಿ ಅವರೇ.” ಕಾಡವ್ವ ಬಗ್ಗಿ ಒಂದು ಹಳದಿ ಗೊಂಬೆಯನ್ನು ಮುಟ್ಟಿದಳು. “ಈಕಿ ನಾನು. ಇಪ್ಪತ್ತೈದ ವರ್ಷಕ್ಕ ನಾ ಎಲ್ಲಿರತೇನಿ? ಆದ್ರ ಇದರಾಗ ಇರತೇನ್ರಿ.”

ಹಳದಿ ಗೊಂಬೆಯ ಬೆನ್ನಿಗೇ ನಿಂತಿದ್ದ ಹಸಿರು ಗೊಂಬೆಯನ್ನು ಕಂಡು ಮೀನಾ ತಡೆದು ನಿಂತಳು. ಕೆಂಪು ಅಂಚಿನ ಆ ಹಸಿರು ಇಳಕಲ್ ಸೀರೆ ಅವಳಿಗೆ ಗೊತ್ತಿತ್ತು. ಮೀನಾಳ ನಿಶ್ಚಿತಾರ್ಥದ ದಿನ ಕೆಂಚವ್ವ ಉಟ್ಟಿದ್ದು ಅದನ್ನೇ.

ಆ ಊರಲ್ಲಿ ನೀರಿನ ಟಾಕಿ ಎರಡಿದ್ದವು, ಊರಿಗೊಂದು, ಕೇರಿಗೊಂದು. ಯಾಕೆ ಎರಡು ಎಂದು ಮೀನಾ ಚಿಕ್ಕಂದಿನಲ್ಲಿ ಕೇಳಿರಲಿಲ್ಲ, ದೊಡ್ಡವಳಾದ ಮೇಲೂ ಕೇಳಿರಲಿಲ್ಲ. ಈಗ ಅವಳ ಕಣ್ಣ ಮುಂದೆ ಬಂದದ್ದು ಅತ್ತೆಯ ಮನೆಯ ಪಡಸಾಲೆ. ‘ನಮ್ಮ ಮನೀ ಹೆಣಮಗಳು ಅವರ ಬೆನ್ನಿಗೆ ಕೊಡ ಹಿಡಕೊಂಡು ನಿಂತಾಳ. ಮೀನಾನ ಮುಂದ ನಿಂತು ಇದನ್ನ ಮಾಡ್ಸ್ಯಾಳ’ ಎಂದು ಅತ್ತೆಯ ಗಂಡ ಹೇಳಿದಂತೆ ಕಿವಿಗೆ ಕೇಳಿಸಿತು. ಯಾರೂ ಹಾಗೆ ಹೇಳಿರಲಿಲ್ಲ. ಕೌದಿಯನ್ನು ಊರಿನವರು ಇನ್ನೂ ನೋಡಿಯೇ ಇರಲಿಲ್ಲ.

ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು ಮೀನಾ ಕೌದಿಯ ಪಕ್ಕ ಕುಳಿತಳು.

“ಕಾಡವ್ವ, ಕೌದಿ ಭಾಳ ಚಂದ ಐತಿ. ಆದ್ರ ನಡುವಿಂದು ಒಂದೀಟು ವಿಚಾರ ಮಾಡಬೇಕು. ಇದು ಪರಿಸರದ ಸ್ಪರ್ಧೆ. ಗಿಡ, ನೀರು, ಬೆಳಿ, ಇಂಥಾದ್ದಿರಬೇಕು.”

“ನೀರ ಐತೆಲ್ರಿ. ಟಾಕಿ ಮತ್ತೇನ್ರಿ?”

“ಅದಲ್ಲ. ಹಿಂಗ ಸಾಲ ಹಚ್ಚಿ ನಿಂತದ್ದ ನೋಡಿದ್ರ ಮಂದಿ ಬ್ಯಾರೆ ಅರ್ಥ ಮಾಡ್ಕೋತಾರ.”

“ಬ್ಯಾರೆ ಅರ್ಥ ಎಲ್ಲಿಂದ ಬರಬೇಕ್ರಿ? ಇರೂದ ಅದೊಂದ ಅರ್ಥ.”

ಮಾಲಾ ನಡುವೆ ಬಾಯಿ ಹಾಕಿದಳು. “ಅಕ್ಕೋರ, ಅದನ್ನ ತಗದ್ರ ಇದರಾಗ ಉಳಿಯೂದರ ಏನು?”

“ನಾ ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ,” ಎಂದಳು ಮೀನಾ. ಹೇಳುವಾಗ ಆ ಮಾತನ್ನು ತಾನೇ ನಂಬಿದಳು. “ನಾಳೆ ಊರಾಗ ನಿಮಗ ತೊಂದ್ರಿ ಆಗಬಾರ್ದು. ಬಹುಮಾನನೂ ಬರಬೇಕಲ್ಲ?”

ಕಾಡವ್ವ ಹಸಿರು ಗೊಂಬೆಯನ್ನೂ ಅವಳ ಮುಖವನ್ನೂ ನೋಡಿದಳು. “ನೀವು ಕಲತಾವ್ರು,” ಎಂದಳು. “ತಗದ್ರ ಅಲ್ಲಿ ಏನ ಹಚ್ಚಲಿ?”

“ಒಂದ ದೊಡ್ಡ ಆಲದ ಗಿಡ ಹಚ್ಚ್ರಿ.”

ಅಲ್ಲಿಂದ ಮೀನಾ ಅತ್ತೆಯ ಮನೆಗೆ ಹೋಗಿ ಊಟ ಮಾಡಿದಳು. ಕೌದಿಯ ವಿಷಯ ಎತ್ತಲಿಲ್ಲ.

ಫೆಬ್ರುವರಿಯ ಎರಡನೇ ಶನಿವಾರ ಬೈಲಹೊಂಗಲದಲ್ಲಿ ಪ್ರದರ್ಶನ ನಡೆಯಿತು. ಬೆಳಿಗ್ಗೆಯಿಂದಲೇ ಸಭಾಭವನದಲ್ಲಿ ಜನ. ಕಾಡವ್ವ, ಮಾಲಾ ಮೊದಲ ಬಸ್ಸಿಗೇ ಬಂದು ಕೌದಿಯ ಪಕ್ಕದ ಗೋಡೆಗೆ ಆತು ನಿಂತಿದ್ದರು. ಟಾಕಿ, ಸಾಲು ಇದ್ದ ಜಾಗದಲ್ಲಿ ಈಗ ಹಸಿರು, ಕಂದು ತುಣುಕುಗಳ ದೊಡ್ಡ ಆಲದ ಮರವಿತ್ತು. ಅಚ್ಚುಕಟ್ಟಾದ ಹೊಲಿಗೆ, ಒಂದು ಎಳೆಯೂ ಸಡಿಲವಿಲ್ಲ. ಅದನ್ನು ನೋಡಿ ಮೀನಾಳಿಗೆ ಸಮಾಧಾನವೇ ಆಯಿತು.

ತೀರ್ಪುಗಾರರಲ್ಲಿ ಗುರುಬಸವ್ವ ಎಂಬವರಿದ್ದರು. ಕಿತ್ತೂರಿನವರು, ನಿವೃತ್ತ ಹೊಲಿಗೆ ಶಿಕ್ಷಕಿ. ಮಿಕ್ಕವರು ದೂರದಿಂದ ನೋಡಿ ಮುಂದೆ ಹೋದರೆ ಇವರು ಕನ್ನಡಕ ಏರಿಸಿ ಕೌದಿಯ ಮೇಲೆ ಅಂಗೈ ಆಡಿಸಿದರು. ನಡುವಿಗೆ ಬಂದಾಗ ಕೈ ನಿಂತಿತು.

“ಇಲ್ಲೇನೋ ಬಿಚ್ಚ್ಯಾರ,” ಎಂದರು. “ಗಿಡದ ಸುತ್ತೂ ಸೂಜಿ ತೂತು ಹಂಗ ಅದಾವ ನೋಡ್ರಿ. ದಾರಿ ಎಲ್ಲಾ ಬಂದು ಇಲ್ಲೇ ಕೂಡ್ಯಾವ, ಆದ್ರ ಇಷ್ಟ ದೊಡ್ಡ ಊರಾಗ ಒಂದ ನರಮನಶ್ಯಾ ಇಲ್ಲ. ಮೊದಲ ಏನಿತ್ತಿಲ್ಲಿ?”

ಟ್ರಸ್ಟಿನ ಅಧ್ಯಕ್ಷ ವಿರೂಪಾಕ್ಷಪ್ಪನವರೂ ಮೀನಾಳತ್ತ ತಿರುಗಿದರು. ಅವಳ ಕೈಯಲ್ಲಿ ಮೊಬೈಲಿತ್ತು, ಅದರಲ್ಲಿ ಮೊದಲಿನ ಫೋಟೊ ಇತ್ತು. ತೆಗೆದು ತೋರಿಸಿ, ‘ನಾನೇ ತೆಗೆಸಿದೆ’ ಎಂದಿದ್ದರೆ ಮುಗಿದು ಹೋಗುತ್ತಿತ್ತು.

“ಮಂದಿ ಇದ್ರರಿ,” ಎಂದಳು. “ಆಕೀಗೆ ಯಾಕೋ ಸರಿ ಅನಸಲಿಲ್ಲಂತ. ತಾನ ಬಿಚ್ಚಿ ತಗದ್ಲು.”

ಕಾಡವ್ವ ನಿಂತದ್ದು ನಾಲ್ಕು ಮಾರಿಗಿಂತ ಹತ್ತಿರ. ಮಾತು ಅವಳಿಗೆ ಕೇಳಿಸಿತು. ಮಾಲಾ ಏನೋ ಹೇಳಲು ಮುಂದೆ ಬಂದಾಗ ಕಾಡವ್ವ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಮೀನಾಳನ್ನು ಬೈಯಲಿಲ್ಲ, ಕಣ್ಣು ಕೆಕ್ಕರಿಸಲಿಲ್ಲ. ಗುರುತು ತಪ್ಪಿ ಮಾತಾಡಿಸಿದ ಅಪರಿಚಿತರನ್ನು ನೋಡುವಂತೆ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಕೌದಿಗೆ ಎರಡನೇ ಬಹುಮಾನ ಬಂತು. ಕಾಡವ್ವ ವೇದಿಕೆಗೆ ಹೋಗಿ ಶಾಲು ಹೊದಿಸಿಕೊಂಡು, ಕೈಮುಗಿದು ಇಳಿದಳು. ಎರಡು ಮಾತಾಡಿರಿ ಎಂದು ಮೈಕು ಚಾಚಿದವರಿಗೆ ತಲೆಯಾಡಿಸಿ ಬೇಡವೆಂದಳು. ಚಹಾದ ಹೊತ್ತಿನಲ್ಲಿ ಗುರುಬಸವ್ವ ಮೀನಾಳ ಹತ್ತಿರ ಬಂದರು.

“ಮಂದೀನ ಹಂಗ ಬಿಟ್ಟಿದ್ರ ಮೊದಲನೇದು ಅದಕ್ಕರಿ, ಎರಡ ಮಾತಿಲ್ಲ. ಪಾಪ, ಮುದುಕಿಗೆ ಯಾಕ ಹಂಗ ಅನಸ್ತೋ.”

ಮಧ್ಯಾಹ್ನ ಮೂರರ ಸುಮಾರಿಗೆ, ಯಾರೂ ಕರೆಯದಿದ್ದರೂ, ಕೆಂಚವ್ವ ಮಗನ ಕಾರಿನಲ್ಲಿ ಬಂದಿಳಿದಳು. ಸೆರಗು ಸರಿಮಾಡಿಕೊಂಡು ಕೌದಿಯ ಮುಂದೆ ನಿಂತು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು.

“ಮೀನಾ, ನನ್ನ ಹಸರ ಸೀರಿ ಎಲ್ಲೈತಿ? ಊರಿನ ಕೌದ್ಯಾಗ ನಿಮ್ಮನ್ನ ಹಚ್ಚತೇನ್ರಿ ಎವ್ವಾ ಅಂತ ಹೇಳಿ ಇಸಗೊಂಡ ಹೋಗಿದ್ಲು ಕಾಡವ್ವ. ನೋಡಬೇಕಂತ ಇಷ್ಟ ದೂರ ಬಂದೇನಿ.”

“ಗಿಡದಾಗ ಸೇರೈತಿ, ಅತ್ತಿ,” ಎಂದಳು ಮೀನಾ. ಅದು ಅಂದಿನ ಎರಡನೇ ಸುಳ್ಳು.

ಕೆಂಚವ್ವ ಮರದ ಎಲೆಗಳನ್ನು ಒಂದೊಂದಾಗಿ ನೋಡಿದಳು. “ಇದು ನನ್ನ ಹಸರ ಅಲ್ಲ,” ಎಂದು ಸಣ್ಣ ಮುಖ ಮಾಡಿಕೊಂಡು ಕುರ್ಚಿಯತ್ತ ಹೋದಳು. ಕಾಡವ್ವನ ಬೆನ್ನಿಗೆ ಕೊಡ ಹಿಡಿದು ನಿಂತ ತನ್ನನ್ನು ಕಂಡಿದ್ದರೆ ಅವಳು ಸಿಟ್ಟಾಗುತ್ತಿದ್ದಳೋ, ನಗುತ್ತಿದ್ದಳೋ, ಸುಮ್ಮನೆ ನೋಡುತ್ತಿದ್ದಳೋ. ಅದನ್ನು ತಿಳಿಯುವ ದಾರಿಯನ್ನು ಮೀನಾ ತಾನೇ ಮುಚ್ಚಿದ್ದಳು.

ಎಂಟು ದಿನ ಅವಳಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಮುಂದಿನ ಭಾನುವಾರ ಮತ್ತೆ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಹೋದಳು. ಕಾಡವ್ವ ಅಂಗಳದಲ್ಲಿ ಬೇರೆ ಯಾರದೋ ಕೌದಿಗೆ ಅಂಚು ಹಾಕುತ್ತಿದ್ದಳು. ಕುಳಿತುಕೊಳ್ಳಲು ಮಣೆ ಕೊಟ್ಟಳು.

“ಅವತ್ತ ನಾ ಸುಳ್ಳ ಹೇಳಿದ್ನಿ,” ಎಂದಳು ಮೀನಾ. “ಅದಕ್ಕೂ ಮೊದಲ ಇಲ್ಲಿ ಕುಂತು ಹೇಳಿದ್ದೂ ಖರೇ ಅಲ್ಲ. ನಿಮಗ ತೊಂದ್ರಿ ಆಗತೈತಿ ಅಂತ ಅಲ್ಲ, ನಮ್ಮ ಅತ್ತೀ ಮನ್ಯಾಗ ನನಗ ಏನಂದಾರು ಅಂತ ಅಂಜಿದ್ನಿ.”

ಕಾಡವ್ವ ಸೂಜಿ ನಿಲ್ಲಿಸಲಿಲ್ಲ. “ಗೊತ್ತಿತ್ರಿ. ಹಸರ ಗೊಂಬಿ ನೋಡಿದಾಗ ನಿಮ್ಮ ಮಾರಿ ನೋಡಿದ್ನೆಲ್ಲ.”

“ಗೊತ್ತಿದ್ದೂ ಯಾಕ ಬಿಚ್ಚಿದ್ರಿ?”

“ಮಾಲಾ ಬ್ಯಾಡಂದ್ಲು. ನನಗ ಆಸೆ ಇತ್ರಿ. ಬೈಲಹೊಂಗಲದಾಗ ನಾಕ ಮಂದಿ ನೋಡ್ಲಿ ಅಂತ. ನಿಮ್ಮ ತಪ್ಪ ಒಂದ ಇದ್ರ ನಂದೂ ಒಂದೈತಿ.”

“ಮೊದಲಿನಂಗ ಹೊಲದ ಕೊಡ್ರಿ. ಟ್ರಸ್ಟಿನವರ ಮುಂದ ನಾ ಎಲ್ಲಾ ಹೇಳತೇನಿ.”

“ಅರಿವಿ ಎಲ್ಲೈತ್ರಿ? ನಿಮ್ಮನ್ನ ಊರಿನ ಕೌದ್ಯಾಗ ಹಚ್ಚತೇನಿ ಅಂತ ಮಾತ ಕೊಟ್ಟ ಇಸಗೊಂಡಿದ್ನಿ. ಹಚ್ಚಲಿಲ್ಲ. ಸ್ಪರ್ಧೆ ಮುಗದ ಮರುದಿನ ಮನಿಮನಿಗೆ ಹೋಗಿ ಹೊಳ್ಳಿ ಕೊಟ್ಟ ಬಂದೇನಿ.” ದಾರವನ್ನು ಹಲ್ಲಿನಿಂದ ಕಡಿದಳು. “ಇನ್ನೊಮ್ಮೆ ಕೇಳಾಕ ನನಗ ಬಾಯಿಲ್ಲ.”

ಸೂಜಿಗೆ ಮತ್ತೆ ದಾರ ಪೋಣಿಸಿದಳು.

“ಹೇಳಿ ಬಿಟ್ರೆಲ್ಲ,” ಎಂದಳು ಕಾಡವ್ವ. “ಹಗರಾತೇನ್ರಿ?”

“ಇಲ್ಲ.”

“ನನಗೂ ಇಲ್ಲ. ಏಳ್ರಿ, ಒಂದೂವರೀ ಬಸ್ಸ ತಪ್ಪಿದ್ರ ಐದರ ತನಕ ಗಾಡಿಲ್ಲ.”

ಮೀನಾ ವಿರೂಪಾಕ್ಷಪ್ಪನವರಿಗೂ ಎಲ್ಲವನ್ನೂ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು. ಮೊಬೈಲಿನಲ್ಲಿದ್ದ ಮೊದಲಿನ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. “ಇದು ಚಲೋ ಇತ್ತಲ್ರಿ,” ಎಂದರು. ಆಮೇಲೆ, “ಆತ ಬಿಡ್ರಿ, ಈಗೇನ ಮಾಡೂದು. ಟ್ರಸ್ಟಿನ ಯುಗಾದಿ ಕ್ಯಾಲೆಂಡರಿಗೆ ಗಿಡದ್ದ ಫೋಟೊ ಕೊಟ್ಟಾಗೇತಿ,” ಎಂದರು. ನಾಲ್ಕೂ ತಾಲ್ಲೂಕಿನ ಶಾಲೆ, ಸೊಸೈಟಿ, ಅಂಗಡಿಗಳಿಗೆ ಆ ಕ್ಯಾಲೆಂಡರು ಹೋಯಿತು. ‘ಸೌ. ಕಾಡವ್ವ ಅವರ ಕಲ್ಪನೆಯ ಹಸಿರು ಗ್ರಾಮ’ ಎಂದು ಕೆಳಗೆ ಅಚ್ಚಾಗಿತ್ತು. ಮೀನಾಳ ಶಾಲೆಯ ಸ್ಟಾಫ್‌ರೂಮಿನಲ್ಲೂ ಒಂದು ತೂಗಿತು.

ಮರುವರ್ಷ ಮತ್ತೆ ಸ್ಪರ್ಧೆ ಬಂದಾಗ ಊರೂರು ತಿರುಗುವ ಕೆಲಸವನ್ನು ಮೀನಾ ಬೇರೆಯವರಿಗೆ ಬಿಟ್ಟುಕೊಟ್ಟಳು. ಆದರೂ ಮಾಲಾಳಿಗೆ ಒಂದು ಫೋನು ಮಾಡದೆ ಇರಲಾಗಲಿಲ್ಲ.

“ಅವ್ವ ಒಲ್ಲೆ ಅಂತಾಳ್ರಿ, ಅಕ್ಕೋರ,” ಎಂದಳು ಮಾಲಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಬೆಳಗಾಂವದ ಒಂದ ಅಂಗಡ್ಯಾವ್ರು ತಿಂಗಳಿಗೆ ನಾಕೈದ ಕೌದಿ ಹೊಲಸ್ಕೋತಾರ. ಕೈತುಂಬ ಕೆಲಸ ಐತಿ.”

“ಚಲೋ ಆತು. ಏನೇನ ಹೊಲೀತಾರ?”

“ಹೂ, ಎಲಿ, ಗಿಳಿ, ಚೌಕ. ಅವರು ಹೇಳಿದ್ದ.” ಯಾರೋ ಗಿರಾಕಿ ಮಾತ್ರೆ ಕೇಳುತ್ತಿರುವುದು ಫೋನಿನಲ್ಲಿ ಕೇಳಿಸುತ್ತಿತ್ತು. “ಮಂದೀನ ಹೊಲ್ಯೂದ ಬಿಟ್ಟಾಳ್ರಿ ಅಕಿ.”